ತಕಮತ್ಸುವಿನಲ್ಲಿ ಊಟ: ಅಂಗಡಿಗಿಂತ ಹೊತ್ತು ಮುಖ್ಯ

ಪ್ರಶ್ನೆ: ನವೆಂಬರಿನಲ್ಲಿ ನಮ್ಮ ಯಜಮಾನರು ಕಚೇರಿ ಕೆಲಸದ ಮೇಲೆ ಜಪಾನಿನ ತಕಮತ್ಸುಗೆ ಹೋಗುತ್ತಿದ್ದಾರೆ. ನಾನೂ ನನ್ನ ಅತ್ತೆಯವರೂ ಜೊತೆಗೆ ಹೊರಟಿದ್ದೇವೆ. ನಾಲ್ಕು ದಿನ ಇರುತ್ತೇವೆ. ನಾನೂ ಯಜಮಾನರೂ ಮೀನು, ಕೋಳಿ ತಿನ್ನುತ್ತೇವೆ. ಅತ್ತೆಯವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಊರಿನ ತುಂಬ ಉದೋನ್ ಎಂಬ ಶಾವಿಗೆಯ ಅಂಗಡಿಗಳಂತೆ. ಕೇಳಿದವರೆಲ್ಲ ಒಂದೊಂದು ಹೆಸರು ಹೇಳುತ್ತಾರೆ. ಯಾವ ಅಂಗಡಿಗೆ ಹೋಗಬೇಕು? ಅತ್ತೆಯವರಿಗೆ ತಿನ್ನಲು ಏನಾದರೂ ಸಿಕ್ಕೀತೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ನಿಮ್ಮ ಮನಸ್ಸಿನಲ್ಲಿರುವ ಆತಂಕ ಅದೇ. ಖಂಡಿತ ಸಿಗುತ್ತದೆ. ಅದೂ ಎಲ್ಲೋ ಮೂಲೆಯಲ್ಲಿ ಹುಡುಕಿ ತಂದ ಬದಲಿ ಊಟವಲ್ಲ, ಆ ಊರಿನವರು ತಾವೇ ಪ್ರೀತಿಯಿಂದ ತಿನ್ನುವ ಉದೋನ್ ಬಟ್ಟಲೇ ಸಿಗುತ್ತದೆ. ಅದನ್ನು ಕೇಳಿ ಪಡೆಯುವ ಬಗೆಯನ್ನು ಮುಂದೆ ವಿವರಿಸುತ್ತೇನೆ. ಇನ್ನು ಯಾವ ಅಂಗಡಿ ಎಂಬ ಪ್ರಶ್ನೆ. ಕೆಲವು ಹೆಸರುಗಳನ್ನು ನಾನೂ ಹೇಳುತ್ತೇನೆ. ಆದರೆ ತಕಮತ್ಸುವಿನಲ್ಲಿ ಯಾವ ಅಂಗಡಿಗೆ ಹೋದಿರಿ ಎಂಬುದಕ್ಕಿಂತ ಎಷ್ಟು ಹೊತ್ತಿಗೆ ಹೋದಿರಿ ಎಂಬುದೇ ಊಟದ ರುಚಿಯನ್ನು ನಿರ್ಧರಿಸುತ್ತದೆ. ಹೆಸರುಗಳ ಪಟ್ಟಿ ಹಿಡಿದು ಬರುವ ಹೆಚ್ಚಿನವರಿಗೆ ಇದು ಗೊತ್ತಿರುವುದಿಲ್ಲ.

ಕಾರಣ ಶಾವಿಗೆಯಲ್ಲಿಯೇ ಇದೆ. ಉದೋನ್ ಎಂದರೆ ಗೋಧಿ ಹಿಟ್ಟು, ಉಪ್ಪು, ನೀರು ಈ ಮೂರರಿಂದಲೇ ಮಾಡಿದ ದಪ್ಪನೆಯ ಬಿಳಿ ಶಾವಿಗೆ. ಚೆನ್ನಾಗಿ ನಾದಿ, ತುಳಿದು, ನೆನೆಯಲು ಬಿಟ್ಟ ಹಿಟ್ಟನ್ನು ಲಟ್ಟಿಸಿ ಕತ್ತರಿಸಿ ಹತ್ತು ಹದಿನೈದು ನಿಮಿಷ ಕುದಿಸುತ್ತಾರೆ. ಆಗತಾನೇ ಬೆಂದ ಎಳೆಯ ಹೊರಭಾಗದಲ್ಲಿ ನೀರಿನಂಶ ಹೆಚ್ಚು, ನಡುವಿನಲ್ಲಿ ಕಡಿಮೆ. ಹಲ್ಲಿಗೆ ಮೊದಲು ಮೃದುವಾಗಿ ಸಿಕ್ಕಿ ಆಮೇಲೆ ಬಿಗಿಯಾಗಿ ಎದುರು ನಿಲ್ಲುವ ಆ ಗುಣ ಬರುವುದು ಈ ವ್ಯತ್ಯಾಸದಿಂದ. ಅದನ್ನು ಅಲ್ಲಿಯವರು ‘ಕೋಶಿ’ ಎನ್ನುತ್ತಾರೆ. ಅರ್ಧ ಗಂಟೆ ಕಳೆಯುವುದರೊಳಗೆ ಒಳಗೂ ಹೊರಗೂ ನೀರು ಸಮನಾಗಿ ಹರಡಿ ಎಳೆ ಮೆತ್ತಗಾಗುತ್ತದೆ. ಹೆಂಚಿನಿಂದ ಎತ್ತಿದ ದೋಸೆಗೆ ಇರುವಷ್ಟೇ ಆಯುಷ್ಯ ಇದಕ್ಕೂ. ಆದ್ದರಿಂದ ಅಂಗಡಿಯಲ್ಲಿ ಜನ ತುಂಬಿರುವಾಗಲೇ ಹೋಗಬೇಕು. ಸಾಲು ಉದ್ದವಿದ್ದಾಗ ಹಂಡೆ ಬಿಡುವಿಲ್ಲದೆ ಕುದಿಯುತ್ತಿರುತ್ತದೆ, ನಿಮ್ಮ ಬಟ್ಟಲಿಗೆ ಬರುವುದು ಆಗಷ್ಟೇ ಎತ್ತಿದ ಶಾವಿಗೆ. ಸುಪ್ರಸಿದ್ಧ ಅಂಗಡಿಗೆ ಮಧ್ಯಾಹ್ನ ಎರಡೂವರೆಗೆ ಹೋಗುವುದಕ್ಕಿಂತ, ಹೆಸರು ಕೇಳಿಲ್ಲದ ಬೀದಿಯಂಗಡಿಗೆ ಹನ್ನೊಂದೂವರೆಗೆ ಹೋಗುವುದು ಮೇಲು.

ಹೊತ್ತಿನ ಬಗ್ಗೆ ಇನ್ನೊಂದು ಮಾತು. ಬಹುಪಾಲು ಉದೋನ್ ಅಂಗಡಿಗಳು ಮಧ್ಯಾಹ್ನ ಎರಡು, ಮೂರು ಗಂಟೆಗೆ ಬಾಗಿಲು ಹಾಕುತ್ತವೆ. ಆ ದಿನದ ಹಿಟ್ಟು ಮುಗಿದರೆ ಅದಕ್ಕೂ ಮೊದಲೇ. ಬೆಳಗಿನ ಹೊತ್ತೆಲ್ಲ ಉದ್ಯಾನ, ವಸ್ತುಸಂಗ್ರಹಾಲಯ ಎಂದು ಸುತ್ತಿ ಮೂರೂವರೆಗೆ ಹಸಿದು ಬಂದವರಿಗೆ ಕಾಣುವುದು ಮುಚ್ಚಿದ ಬಾಗಿಲುಗಳೇ. ಹಾಗಾಗಿ ನಿಮ್ಮ ನಾಲ್ಕು ದಿನದ ತಿರುಗಾಟವನ್ನು ಉದೋನ್ ಸುತ್ತ ಹೊಂದಿಸಿಕೊಳ್ಳಿ: ಬೆಳಿಗ್ಗೆ ಅಥವಾ ಹನ್ನೊಂದರಿಂದ ಹನ್ನೆರಡೂವರೆಯ ಒಳಗೆ ಉದೋನ್, ರಾತ್ರಿಗೆ ಬೇರೆ ಏನಾದರೂ. ಭಾನುವಾರ ರಜೆ ಇರುವ ಅಂಗಡಿಗಳೂ ಉಂಟು, ವಾರದ ನಡುವೆ ರಜೆ ಇರುವವೂ ಉಂಟು. ಹೊರಡುವ ಮುನ್ನ ಹೋಟೆಲಿನ ಕೌಂಟರಿನಲ್ಲಿ ಕೇಳಿಕೊಳ್ಳಿ. ಕೈಯಲ್ಲಿ ನಗದು ಇರಲಿ. ಸಣ್ಣ ಅಂಗಡಿಗಳಲ್ಲಿ ಕಾರ್ಡ್ ನಡೆಯುತ್ತದೆಂದು ನಂಬಿ ಹೋಗಬೇಡಿ.

ಈ ಊರಿಗೆ ಉದೋನ್ ಏಕೆ ಅಂಟಿಕೊಂಡಿತು ಎಂಬುದನ್ನು ತಿಳಿದು ತಿಂದರೆ ರುಚಿ ಹೆಚ್ಚುತ್ತದೆ ಎಂಬುದು ನನ್ನ ನಂಬಿಕೆ. ತಕಮತ್ಸು ಶಿಕೋಕು ದ್ವೀಪದ ಉತ್ತರ ಅಂಚಿನಲ್ಲಿ, ಸೆತೋ ಒಳಸಮುದ್ರಕ್ಕೆ ಮುಖ ಮಾಡಿ ಕುಳಿತಿರುವ ಊರು, ಕಗವಾ ಪ್ರಾಂತ್ಯದ ರಾಜಧಾನಿ. ಕಗವಾ ಜಪಾನಿನ ಪ್ರಾಂತ್ಯಗಳಲ್ಲೆಲ್ಲ ವಿಸ್ತೀರ್ಣದಲ್ಲಿ ಚಿಕ್ಕದು. ಹಳೆಯ ಹೆಸರು ಸಾನುಕಿ. ‘ಸಾನುಕಿ ಉದೋನ್’ ಎಂಬುದು ಅಲ್ಲಿಂದ ಬಂದದ್ದು. ಎರಡೂ ಕಡೆಯ ಬೆಟ್ಟಗಳು ಮೋಡವನ್ನು ತಡೆಯುವುದರಿಂದ ಇಲ್ಲಿ ಮಳೆ ಕಡಿಮೆ, ದೊಡ್ಡ ನದಿಗಳಿಲ್ಲ. ಜನ ಸಾವಿರಾರು ಕೆರೆಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಹೆಸರಾದ ಮನ್ನೋ ಕೆರೆಯನ್ನು 821ರಲ್ಲಿ ಬೌದ್ಧ ಗುರು ಕೂಕಾಯ್ ಮುಂದೆ ನಿಂತು ದುರಸ್ತಿ ಮಾಡಿಸಿದರು. ಭತ್ತಕ್ಕೆ ನೀರು ಸಾಲದ ನೆಲದಲ್ಲಿ ಗೋಧಿ ಬಂದಿತು. ಕರಾವಳಿಯಲ್ಲಿ ಉಪ್ಪು, ಎದುರಿನ ಶೋದೋಶಿಮಾ ದ್ವೀಪದಲ್ಲಿ ಸೋಯಾ ಸಾಸ್, ಪಶ್ಚಿಮದ ಇಬುಕಿ ದ್ವೀಪದಲ್ಲಿ ಸಾರಿಗೆ ಹಾಕುವ ‘ಇರಿಕೋ’ ಎಂಬ ಒಣ ಸಣ್ಣಮೀನು. ಬಟ್ಟಲಿಗೆ ಬೇಕಾದುದೆಲ್ಲ ಕಣ್ಣಳತೆಯಲ್ಲಿಯೇ ಇತ್ತು. ಇಂದು ಹೆಚ್ಚಿನ ಅಂಗಡಿಗಳು ಬಳಸುವುದು ಆಸ್ಟ್ರೇಲಿಯಾದ ಗೋಧಿ. ಪ್ರಾಂತ್ಯವೇ ಉದೋನಿಗೆಂದು ಬೆಳೆಸಿದ ‘ಸಾನುಕಿ ನೊ ಯುಮೆ’ ತಳಿಯನ್ನು ಬಳಸುವವರು ಅದನ್ನು ಹೆಮ್ಮೆಯಿಂದ ಬಾಗಿಲಲ್ಲಿ ಬರೆದಿರುತ್ತಾರೆ.

ಈಗ ಅಂಗಡಿಯ ಒಳಗೆ. ಊರಿನಲ್ಲಿ ಹೆಚ್ಚಾಗಿರುವುದು ಸ್ವಯಂಸೇವೆಯ ಅಂಗಡಿಗಳು. ಮೊದಲ ಸಲ ಹೋದವರು ಗಾಬರಿಯಾಗುವುದು ಇಲ್ಲಿಯೇ, ಏಕೆಂದರೆ ಹಿಂದೆ ಸಾಲು ನಿಂತಿರುತ್ತದೆ, ಬರಹ ಓದಲು ಬರುವುದಿಲ್ಲ. ಕ್ರಮ ಸುಲಭ. ತಟ್ಟೆ ಹಿಡಿದು ಸಾಲಿನಲ್ಲಿ ಸಾಗಿ, ಬಗೆ ಮತ್ತು ಅಳತೆ ಹೇಳಬೇಕು. ‘ಕಾಕೆ’ ಎಂದರೆ ಬಿಸಿ ಸಾರಿನಲ್ಲಿ ಶಾವಿಗೆ. ‘ಬುಕ್ಕಾಕೆ’ ಎಂದರೆ ಮೇಲೆ ಗಟ್ಟಿ ಸಾರನ್ನು ಸ್ವಲ್ಪವೇ ಸುರಿದದ್ದು. ‘ಕಾಮಾಆಗೆ’ ಎಂದರೆ ಬೆಂದ ಬಿಸಿನೀರಿನ ಜೊತೆಯೇ ಬಡಿಸಿ, ಅದ್ದಿಕೊಳ್ಳಲು ಪಕ್ಕದಲ್ಲಿ ಸಾರು ಕೊಡುವುದು. ‘ಕಾಮಾತಮಾ’ ಎಂದರೆ ಆ ಬಿಸಿ ಶಾವಿಗೆಗೆ ಹಸಿ ಮೊಟ್ಟೆ ಕಲಸಿದ್ದು. ಅಳತೆ ಮೂರು: ‘ಶೋ’ ಸಣ್ಣದು, ‘ಚೂ’ ನಡುವಿನದು, ‘ದಾಯ್’ ದೊಡ್ಡದು. ಶೋ ಎಂದರೆ ಒಂದು ಉಂಡೆ ಶಾವಿಗೆ, ಅದೇ ಒಬ್ಬರಿಗೆ ಸಾಕಷ್ಟಾಗುತ್ತದೆ. ಕೆಲವೆಡೆ ಶಾವಿಗೆಯನ್ನು ನಿಮ್ಮ ಕೈಗೇ ಕೊಡುತ್ತಾರೆ. ಹಿಡಿಯಿರುವ ಜಾಲರಿಗೆ ಹಾಕಿ ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಒದರಿ, ಬಟ್ಟಲಿಗೆ ಸುರಿದುಕೊಳ್ಳಬೇಕು. ಮುಂದೆ ತೆಂಪುರಾ, ಅಂದರೆ ಹಿಟ್ಟಿನಲ್ಲಿ ಅದ್ದಿ ಕರಿದ ತರಕಾರಿ, ಮೀನುಗಳ ತಟ್ಟೆಗಳು. ಬೇಕಾದುದನ್ನು ಎತ್ತಿಕೊಂಡು ಹಣ ಕೊಟ್ಟು, ಆಮೇಲೆ ನಲ್ಲಿ ತಿರುಗಿಸಿ ಸಾರು ಹಿಡಿದುಕೊಳ್ಳಿ. ಈರುಳ್ಳಿ ಸೊಪ್ಪು, ತುರಿದ ಶುಂಠಿ ನಿಮ್ಮ ಇಷ್ಟ. ತಿಂದ ಮೇಲೆ ಬಟ್ಟಲನ್ನು ನೀವೇ ಒಯ್ದು ಇಡಬೇಕು. ಒಂದು ಸಣ್ಣ ಕಾಕೆಗೆ ಮುನ್ನೂರು, ನಾನೂರು ಯೆನ್ನಿನ ಆಸುಪಾಸು. ಜನ ಕಾಲು ಗಂಟೆಯಲ್ಲಿ ತಿಂದು ಎದ್ದುಬಿಡುತ್ತಾರೆ. ತಿಂದು ಮುಗಿದ ಮೇಲೆ ಅಲ್ಲಿಯೇ ಕುಳಿತು ಹರಟಬೇಡಿ. ಬಾಗಿಲ ಹೊರಗೆ ಕಾಯುವವರಿರುತ್ತಾರೆ.

ಹೆಸರುಗಳು. ನಗರದೊಳಗೆ ಕಮೆಓಕಾಚೋ ಬೀದಿಯ ‘ಚಿಕುಸೇಯ್’ ನನಗೆ ಬಹಳ ಇಷ್ಟ. ಅಲ್ಲಿ ತೆಂಪುರಾವನ್ನು ಕೇಳಿದ ಮೇಲೆಯೇ ಕರಿಯುತ್ತಾರೆ. ಅರೆಬೆಂದ ಮೊಟ್ಟೆಯ ತೆಂಪುರಾ, ‘ಚಿಕುವಾ’ ಎಂಬ ಮೀನಿನ ಕೊಳವೆಯ ತೆಂಪುರಾ ಎರಡನ್ನೂ ನೀವಿಬ್ಬರು ತಪ್ಪಿಸಬೇಡಿ. ಮೊಟ್ಟೆಯನ್ನು ಬಟ್ಟಲಿನಲ್ಲಿ ಒಡೆದು ಹಳದಿಯನ್ನು ಸಾರಿಗೆ ಬಿಟ್ಟುಕೊಳ್ಳಬೇಕು. ಪ್ರಾಂತ್ಯ ಕಚೇರಿಯ ಹತ್ತಿರದ ‘ಸಾಕಾಎದಾ’ದಲ್ಲಿ ಕಚೇರಿ ನೌಕರರ ಸಾಲು ಇರುತ್ತದೆ, ಆದರೆ ಬೇಗ ಸಾಗುತ್ತದೆ. ರಿತ್ಸುರಿನ್ ಉದ್ಯಾನದ ಬಳಿ ‘ಉಎಹರಾಯಾ’. ಹನಜೋನೋ ನಿಲ್ದಾಣದ ಸಮೀಪದ ‘ಉದೋನ್ ಬಕಾ ಇಚಿದಾಯ್’ ಬೆಳಿಗ್ಗೆ ಬಹಳ ಬೇಗ ತೆರೆಯುತ್ತದೆ. ಬೆಣ್ಣೆ, ಕರಿಮೆಣಸು, ಹಸಿ ಮೊಟ್ಟೆ ಹಾಕಿದ ಅವರ ‘ಕಾಮಾಬತಾ’ ಈಗ ಎಲ್ಲೆಡೆ ಹೆಸರಾಗಿದೆ. ನನಗೆ ಅದು ಒಂದು ಬಟ್ಟಲಿಗೆ ಭಾರವೆನಿಸುತ್ತದೆ, ಇಬ್ಬರು ಹಂಚಿಕೊಂಡರೆ ಚೆನ್ನ. ಕಾಮಾತಮಾ ಹುಟ್ಟಿದ ಮನೆ ‘ಯಾಮಾಗೋಎ’ ನಗರದಿಂದ ದೂರ, ಅಯಗಾವಾ ಎಂಬಲ್ಲಿ. ಅದಕ್ಕಾಗಿ ಅರ್ಧ ದಿನ ಕಳೆಯಲು ಹಿರಿಯರನ್ನು ಕರೆದೊಯ್ಯಬೇಡಿ. ನವೆಂಬರಿನಲ್ಲಿ ಹೋಗುತ್ತಿರುವುದರಿಂದ ‘ಶಿಪ್ಪೋಕು’ ಎಂಬ ಫಲಕ ಕಂಡರೆ ನಿಂತುಬಿಡಿ: ಮೂಲಂಗಿ, ಕ್ಯಾರೆಟ್, ಕೆಸುವಿನ ಗೆಡ್ಡೆಗಳನ್ನು ಸಾರಿನಲ್ಲಿಯೇ ಬೇಯಿಸಿ ಶಾವಿಗೆಯ ಮೇಲೆ ಹಾಕುವ ಚಳಿಗಾಲದ ಉದೋನ್ ಅದು. ತರಕಾರಿ ತುಂಬಿದ್ದರೂ ಅತ್ತೆಯವರಿಗೆ ಆಗುವುದಿಲ್ಲ, ಸಾರು ಮೀನಿನದು.

ಅತ್ತೆಯವರ ವಿಷಯ. ಜಪಾನಿನ ಸಣ್ಣ ಊರುಗಳಲ್ಲಿ ನಮ್ಮ ಕಡೆಯವರು ಕೇಳುವ ಪ್ರಶ್ನೆ ‘ಇದರಲ್ಲಿ ಮಾಂಸ ಇದೆಯೇ?’ ಎಂಬುದು. ಇಲ್ಲ ಎಂಬ ಉತ್ತರ ಪ್ರಾಮಾಣಿಕವಾದದ್ದೇ, ಆದರೆ ಸಾರಿನಲ್ಲಿ ಇರಿಕೋ ಇರುತ್ತದೆ, ಕತ್ಸುವೊಬುಶಿ ಎಂಬ ಒಣ ಮೀನಿನ ಹೆರೆಗಳಿರುತ್ತವೆ. ಸಾರು ಅವರಿಗೆ ಹಿನ್ನೆಲೆ, ಅದನ್ನು ಮೀನಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಕೇಳಬೇಕಾದದ್ದು ಸಾರಿನ ಬಗ್ಗೆ. ಕಾಕೆ, ಬುಕ್ಕಾಕೆ, ಕಾಮಾಆಗೆಗೆ ಕೊಡುವ ಅದ್ದುವ ಸಾರು, ಎಲ್ಲದರಲ್ಲಿಯೂ ಮೀನು ಇದೆ ಎಂದೇ ತಿಳಿಯಿರಿ. ಕರಿ (curry) ಉದೋನ್, ಅಂದರೆ ಮಸಾಲೆ ಗೊಜ್ಜು ಹಾಕಿದ ಉದೋನ್, ನಮ್ಮದೆಂದು ಭಾವಿಸಿ ಅತ್ತೆಯವರಿಗೆ ಕೊಡಿಸಬೇಡಿ. ಅದರ ಮಸಾಲೆ ಗಟ್ಟಿಯಲ್ಲಿ ಸಾಮಾನ್ಯವಾಗಿ ಪ್ರಾಣಿ ಕೊಬ್ಬು ಇರುತ್ತದೆ. ಅನ್ನ ತುಂಬಿದ ‘ಇನಾರಿ’ಯ ಕರಿದ ತೋಫು ಚೀಲವನ್ನೂ ಮೀನಿನ ಸಾರಿನಲ್ಲಿ ಬೇಯಿಸಿರುತ್ತಾರೆ. ತರಕಾರಿ ತೆಂಪುರಾ ಮೀನು ಕರಿದ ಎಣ್ಣೆಯಲ್ಲಿಯೇ ಕರಿದದ್ದು, ಹಿಟ್ಟಿನಲ್ಲಿ ಮೊಟ್ಟೆಯೂ ಇರಬಹುದು.

ಉಳಿಯುವುದು ಶೋಯು ಉದೋನ್, ಮತ್ತು ಅದು ಉಳಿದದ್ದಲ್ಲ, ಒಳ್ಳೆಯದು. ಬೇಯಿಸಿ ತಣ್ಣೀರಿನಲ್ಲಿ ತೊಳೆದ ಶಾವಿಗೆ, ಮೇಲೆ ಸೋಯಾ ಸಾಸ್, ತುರಿದ ಮೂಲಂಗಿ, ಶುಂಠಿ, ಎಳ್ಳು, ಹಿಂಡಲು ನಿಂಬೆ ಜಾತಿಯ ಹಣ್ಣು. ಶಾವಿಗೆಯ ಗುಣ ಬಯಲಾಗುವುದು ಇದರಲ್ಲಿಯೇ ಎಂದು ಇದನ್ನೇ ಆರಿಸಿಕೊಳ್ಳುವ ಸ್ಥಳೀಯರು ಬಹಳ. ಒಂದೇ ಎಚ್ಚರ: ಮೇಜಿನ ಮೇಲಿನ ಸೀಸೆಯಲ್ಲಿರುವುದು ಎರಡು ಬಗೆ. ‘ಕಿಜೋಯು’ ಎಂಬುದು ಬರಿಯ ಸೋಯಾ ಸಾಸ್, ಅದು ಆಗುತ್ತದೆ. ‘ದಾಶಿ ಜೋಯು’ ಎಂಬುದರಲ್ಲಿ ಮೀನಿನ ಸಾರು ಬೆರೆತಿದೆ, ಅದು ಆಗದು. ಅನೇಕ ಅಂಗಡಿಗಳಲ್ಲಿ ಎರಡನೆಯದೇ ಇರುತ್ತದೆ. ಆದ್ದರಿಂದ ಮೊದಲ ದಿನವೇ ಸೂಪರ್ ಮಾರ್ಕೆಟ್ಟಿನಲ್ಲಿ ಶೋದೋಶಿಮಾದ ಬರಿಯ ಸೋಯಾ ಸಾಸಿನ ಸಣ್ಣ ಸೀಸೆಯೊಂದನ್ನು ಕೊಂಡು ಅತ್ತೆಯವರ ಚೀಲದಲ್ಲಿಡಿ. ಅಂಗಡಿಯವರಿಗೆ ಚೀಟಿ ತೋರಿಸಿ, ಅನುಮತಿ ಕೇಳಿ, ಸಾರಿಲ್ಲದ ಶಾವಿಗೆಗೆ ಅದನ್ನು ಹಾಕಿಕೊಳ್ಳಲಿ. ವಿನಯದಿಂದ ಕೇಳಿದರೆ ಬೇಡ ಎನ್ನುವವರು ಅಪರೂಪ. ಶಾವಿಗೆಗೆ ಮೊಟ್ಟೆ ಸೇರುವುದಿಲ್ಲ, ಬೇಯಿಸುವುದೂ ಬರಿಯ ನೀರಿನಲ್ಲಿ. ತೆಂಪುರಾದ ಪುಡಿಯನ್ನು ಮಾತ್ರ ಮೇಲೆ ಉದುರಿಸಿಕೊಳ್ಳಬಾರದು.

ಚೀಟಿ ಎಂದೆ. ಹೋಟೆಲಿಗೆ ಹೋದ ಕೂಡಲೇ ಕೌಂಟರಿನಲ್ಲಿರುವವರಿಂದ ಜಪಾನಿ ಭಾಷೆಯಲ್ಲಿ ಬರೆಸಿಕೊಳ್ಳಿ: ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ, ಇರಿಕೋ, ಕತ್ಸುವೊಬುಶಿ ಹಾಕಿದ ಸಾರೂ ಬೇಡ, ಹಾಲು, ಗೋಧಿ, ಸೋಯಾ, ಸಮುದ್ರದ ಪಾಚಿ ಆಗುತ್ತದೆ. ಆಗುವುದನ್ನೂ ಬರೆಸುವುದು ಮುಖ್ಯ. ಆಗದ್ದನ್ನು ಮಾತ್ರ ತೋರಿಸಿದರೆ ಅಡುಗೆಯವರು ತಮ್ಮಿಂದ ತಪ್ಪಾದೀತೆಂದು ಹೆದರಿ ಕ್ಷಮೆ ಕೇಳಿ ಕಳುಹಿಸಿಬಿಡುತ್ತಾರೆ. ಆಗುವುದರ ಪಟ್ಟಿ ಇದ್ದರೆ ಏನು ಮಾಡಿಕೊಡಬಹುದೆಂದು ಯೋಚಿಸುತ್ತಾರೆ. ಬಾಯಲ್ಲಿ ಹೇಳಲು ಒಂದು ವಾಕ್ಯ ಸಾಕು: ‘ಸಕಾನಾ ನೊ ದಾಶಿ ವಾ ತಬೆರಾರೆಮಾಸೆನ್’, ಮೀನಿನ ಸಾರು ತಿನ್ನಲಾಗುವುದಿಲ್ಲ ಎಂದು.

ಕಾರು ಮಾಡಿಕೊಳ್ಳುವುದಾದರೆ ಅತ್ತೆಯವರನ್ನು ಮುಂದಿಟ್ಟುಕೊಂಡು ಹೋಗಬಹುದಾದ ಎರಡು ಜಾಗ ಹೇಳುತ್ತೇನೆ. ಮನ್ನೋದಲ್ಲಿರುವ ‘ಒಗತಾಯಾ’ ಶೋಯು ಉದೋನ್‌ಗೇ ಹೆಸರಾದ ಅಂಗಡಿ. ಕುಳಿತ ಕೂಡಲೇ ಮೂಲಂಗಿಯ ದೊಡ್ಡ ತುಂಡನ್ನೂ ತುರಿಮಣೆಯನ್ನೂ ಮುಂದಿಡುತ್ತಾರೆ. ಶಾವಿಗೆ ಬೇಯುವವರೆಗೆ ನೀವೇ ತುರಿಯುತ್ತಿರಬೇಕು. ಅಲ್ಲಿಯೂ ಸೀಸೆಯ ಬಗ್ಗೆ ವಿಚಾರಿಸಿಕೊಳ್ಳಿ. ಇನ್ನೊಂದು ಕೊತೊಹಿರಾದ ‘ನಕಾನೋ ಉದೋನ್ ಶಾಲೆ’. ಹಿಟ್ಟನ್ನು ಚೀಲದಲ್ಲಿ ಹಾಕಿ ಹಾಡಿನ ತಾಳಕ್ಕೆ ಕಾಲಿನಿಂದ ತುಳಿದು, ಲಟ್ಟಿಸಿ, ಕತ್ತರಿಸಿ, ಬೇಯಿಸಿ ತಿನ್ನುವುದನ್ನು ಕಲಿಸುತ್ತಾರೆ. ಹಿಟ್ಟಿನಲ್ಲಿ ಏನಿದೆಯೆಂದು ಕಣ್ಣಾರೆ ಕಂಡು ತಿನ್ನುವಾಗ ಬರುವ ನೆಮ್ಮದಿಯೇ ಬೇರೆ. ಕೊತೊಹಿರಾಕ್ಕೆ ತಕಮತ್ಸುವಿನಿಂದ ‘ಕೊತೊದೆನ್’ ರೈಲಿನಲ್ಲಿಯೇ ಹೋಗಬಹುದು. ಅಲ್ಲಿಯ ಕೊಂಪಿರಾ ದೇವಸ್ಥಾನದ ಮುಖ್ಯ ಗುಡಿಗೆ 785 ಮೆಟ್ಟಿಲು, ಅದನ್ನು ಲೆಕ್ಕಕ್ಕೆ ಹಿಡಿದು ಅತ್ತೆಯವರನ್ನು ಹೊರಡಿಸಿ.

ರಾತ್ರಿಗೆ ಬರೋಣ. ಊರಿನ ನಡುವೆ ಮಾಡು ಹೊದಿಸಿದ ಅಂಗಡಿಬೀದಿಗಳು ಒಂದಕ್ಕೊಂದು ಕೂಡಿ ಒಟ್ಟು 2.7 ಕಿಲೋಮೀಟರ್ ಹರಡಿವೆ. ಮಳೆ ಬಂದರೂ ನಡೆಯಬಹುದು. ಅದರ ಅಕ್ಕಪಕ್ಕದ ಓಣಿಗಳಲ್ಲಿಯೇ ರಾತ್ರಿಯ ಊಟ. ನೀವಿಬ್ಬರು ಒಂದು ರಾತ್ರಿ ‘ಹೊನೆತ್ಸುಕಿದೊರಿ’ಗೆ ಮೀಸಲಿಡಿ. ಕೋಳಿಯ ಇಡೀ ಕಾಲನ್ನು ಮೂಳೆಸಹಿತ ಬೆಳ್ಳುಳ್ಳಿ, ಉಪ್ಪು, ಮೆಣಸಿನೊಂದಿಗೆ ಸುಟ್ಟದ್ದು. ಪಕ್ಕದ ಮರುಗಮೆಯಲ್ಲಿ ಹುಟ್ಟಿದ ತಿನಿಸು. ಆ ಊರಿನ ‘ಇಕ್ಕಾಕು’ವಿನ ಶಾಖೆ ತಕಮತ್ಸುವಿನಲ್ಲಿಯೂ ಇದೆ. ‘ಹಿನಾ’ ಎಂದರೆ ಎಳೆಯ ಕೋಳಿ, ಮೃದು. ‘ಓಯಾ’ ಎಂದರೆ ಬಲಿತದ್ದು, ಜಗಿಯಬೇಕು, ರುಚಿ ಮಾತ್ರ ಆಳ. ನಮ್ಮ ನಾಟಿಕೋಳಿ ತಿಂದು ಬೆಳೆದವರಿಗೆ ಓಯಾ ಹಿಡಿಸುತ್ತದೆ ಎಂದು ಧೈರ್ಯವಾಗಿ ಹೇಳುತ್ತೇನೆ. ತಟ್ಟೆಯಲ್ಲಿ ಇಳಿದ ಕೊಬ್ಬಿನಲ್ಲಿ ಎಲೆಕೋಸು, ಅನ್ನದ ಉಂಡೆ ಅದ್ದಿ ತಿನ್ನುವುದು ಕ್ರಮ.

ಇನ್ನೊಂದು ರಾತ್ರಿ ಮೀನು. ಕಗವಾದ ಪೂರ್ವದ ಹಿಕೆತಾದಲ್ಲಿ 1928ರಲ್ಲಿ ‘ಹಮಾಚಿ’ ಮೀನಿನ ಸಾಕಣೆ ಮೊದಲ ಬಾರಿಗೆ ಯಶಸ್ವಿಯಾಯಿತು. ಈಗ ಆಲಿವ್ ಎಲೆಯ ಪುಡಿ ಬೆರೆಸಿದ ಆಹಾರ ಕೊಟ್ಟು ಬೆಳೆಸುವ ‘ಆಲಿವ್ ಹಮಾಚಿ’ ಶರತ್ಕಾಲದಿಂದ ಚಳಿಗಾಲದವರೆಗೆ ಸಿಗುತ್ತದೆ. ಕೊಬ್ಬು ಹಗುರ, ನಾಲಿಗೆಗೆ ಜಿಡ್ಡು ಅಂಟುವುದಿಲ್ಲ. ನೀವು ಹೋಗುವ ತಿಂಗಳು ಅದಕ್ಕೆ ಸರಿಯಾದ ಕಾಲ. ಇಜಕಾಯಾ ಎಂಬ ಪಾನಗೃಹಗಳಲ್ಲಿ ಕೂತ ಕೂಡಲೇ ಕೇಳದಿದ್ದರೂ ಒಂದು ಸಣ್ಣ ಬಟ್ಟಲು ಬರುತ್ತದೆ, ಅದಕ್ಕೆ ಕೆಲವು ನೂರು ಯೆನ್ ಬಿಲ್ಲಿನಲ್ಲಿ ಸೇರುತ್ತದೆ. ಅದು ಅಲ್ಲಿಯ ಪದ್ಧತಿ, ಮೋಸವಲ್ಲ. ಅತ್ತೆಯವರಿಗೆ ಅಲ್ಲಿ ಬೇಯಿಸಿದ ಎಳೆ ಸೋಯಾ ಕಾಯಿ, ಉಪ್ಪು ಹಾಕಿದ ಅನ್ನದ ಉಂಡೆ, ಮೀನಿನ ಹೆರೆ ಉದುರಿಸದ ತಣ್ಣನೆಯ ತೋಫು ಆದೀತು. ಹುರಿದ ಬೀನ್ಸ್ ಕಾಳನ್ನು ಸಿಹಿಖಾರದ ಸೋಯಾದಲ್ಲಿ ನೆನೆಸಿದ ‘ಶೋಯುಮಾಮೆ’ ಈ ಪ್ರಾಂತ್ಯದ್ದೇ. ಸಾರು ಬೆರೆಸಿಲ್ಲವೆಂದು ಕೇಳಿ ತಿಳಿದರೆ ಅದನ್ನೂ ತಿನ್ನಬಹುದು. ಬಿಸಿ ರೊಟ್ಟಿ, ಬೇಳೆ ಬೇಕೇ ಬೇಕೆನಿಸಿದ ರಾತ್ರಿಗೆ ಭಾರತೀಯ ಊಟದ ಅಂಗಡಿ ಇಲ್ಲಿಯೂ ಉಂಟು. ತಡರಾತ್ರಿ ನಿಮಗೆ ಉದೋನ್ ಆಸೆಯಾದರೆ ಫುರುಬಬಾಚೋದ ‘ತ್ಸುರುಮಾರು’ ರಾತ್ರಿಯೇ ತೆರೆಯುವ ಅಂಗಡಿ. ಎಲ್ಲರೂ ಕೇಳುವುದು ಕರಿ ಉದೋನ್.

ಅತ್ತೆಯವರನ್ನು ಒಂದು ಬೆಳಿಗ್ಗೆ ರಿತ್ಸುರಿನ್ ಉದ್ಯಾನಕ್ಕೆ ಕರೆದೊಯ್ಯಿರಿ. ಸೂರ್ಯೋದಯದ ಹೊತ್ತಿಗೇ ಬಾಗಿಲು ತೆರೆಯುತ್ತದೆ. ಕೊಳದ ಅಂಚಿನ ‘ಕಿಕುಗೆತ್ಸುತೇಯ್’ ಎಂಬ ಹಳೆಯ ಚಹಾಮನೆಯಲ್ಲಿ ಹಸಿರು ಮಾಚ್ಚಾ ಚಹಾ, ಜೊತೆಗೊಂದು ಸಿಹಿ. ಅದೇ ಉದ್ಯಾನದ ‘ಹನಜೋನೋತೇಯ್’ಯಲ್ಲಿ ಮುಂಗಡ ಹೇಳಿದರೆ ಬೆಳಗಿನ ಅಕ್ಕಿಗಂಜಿಯ ಊಟ ಸಿಗುತ್ತದೆ, ಪಕ್ಕದ ಪದಾರ್ಥಗಳಲ್ಲಿ ಮೀನಿನ ಸಾರು ಇರುವುದರಿಂದ ಕಾಯ್ದಿರಿಸುವಾಗಲೇ ಚೀಟಿಯಲ್ಲಿರುವುದನ್ನು ತಿಳಿಸಿ. ಸಾನುಕಿಯ ‘ವಸಾನ್‌ಬೋನ್’ ಎಂಬ ನಯವಾದ ಸಕ್ಕರೆಯನ್ನು ಅಚ್ಚಿನಲ್ಲೊತ್ತಿ ಮಾಡಿದ ಒಣ ಸಿಹಿ ಅತ್ತೆಯವರಿಗೂ ಆಗುತ್ತದೆ, ಊರಿಗೆ ತರಲೂ ಆಗುತ್ತದೆ. ಬಿಳಿ ಮಿಸೋ (ಹುದುಗಿಸಿದ ಸೋಯಾ ಮುದ್ದೆ) ಸಾರಿನಲ್ಲಿ ಸಿಹಿ ಹೂರಣದ ಅಕ್ಕಿ ಕಡುಬು ತೇಲುವ ‘ಅನ್‌ಮೋಚಿ ಜೋನಿ’ ಇಲ್ಲಿಯ ಹೊಸವರ್ಷದ ತಿನಿಸು. ಅದರ ಸಾರು ಇರಿಕೋದ್ದು, ಆದ್ದರಿಂದ ಅದು ನಿಮ್ಮಿಬ್ಬರಿಗೆ ಮಾತ್ರ.

ದೇವಸ್ಥಾನದ ಊಟವೆಂದರೆ ಸಸ್ಯಾಹಾರವೇ ಇರಬೇಕೆಂದು ನಂಬಬೇಡಿ. ಶಿಕೋಕುವಿನ 88 ದೇವಾಲಯಗಳ ಯಾತ್ರೆಯ ಹಲವು ಗುಡಿಗಳು ಈ ಸುತ್ತಿನಲ್ಲಿಯೇ ಇವೆ, ಆದರೆ ಯಾತ್ರಿಕರ ವಸತಿಗಳಲ್ಲಿ ಮೀನು ಬಡಿಸುವುದೂ ಉಂಟು. ಸಮುದ್ರದ ಪಾಚಿ, ಅಣಬೆಗಳ ಸಾರಿನಿಂದ ಮಾಡುವ ‘ಶೋಜಿನ್’ ಊಟ ಬೇಕೆಂದು ಹೆಸರು ಹಿಡಿದೇ ಮುಂಚಿತವಾಗಿ ಕೇಳಬೇಕು.

ಮೂವರೂ ನೆಮ್ಮದಿಯಾಗಿ ಕುಳಿತು ತಿನ್ನುವ ಒಂದು ಮಧ್ಯಾಹ್ನ ಬೇಕೆಂದರೆ ಯಶಿಮಾ ಬೆಟ್ಟದ ಬುಡದ ‘ವರಾಯಾ’ಕ್ಕೆ ಹೋಗಿ. ಹುಲ್ಲಿನ ಮಾಡಿನ ಹಳೆಯ ಮನೆ. ಮರದ ದೊಡ್ಡ ತೊಟ್ಟಿಯಲ್ಲಿ ಮನೆಮಂದಿಗೆಲ್ಲ ಸೇರಿ ಕಾಮಾಆಗೆ ಬಡಿಸುತ್ತಾರೆ, ಅದರಿಂದಲೇ ಎಲ್ಲರೂ ಎತ್ತಿಕೊಳ್ಳುವುದು. ತೊಟ್ಟಿಯಲ್ಲಿರುವುದು ಶಾವಿಗೆ ಮತ್ತು ಬಿಸಿನೀರು ಮಾತ್ರ. ನೀವು ಮೀನಿನ ಸಾರಿಗೆ ಅದ್ದಿಕೊಳ್ಳಿ, ಅತ್ತೆಯವರು ತಮ್ಮ ಸೀಸೆಯ ಸೋಯಾ ಸಾಸಿಗೆ, ಬೇರೆ ಕಡ್ಡಿಗಳಿಂದ ಮೊದಲೇ ತಮ್ಮ ಪಾಲು ಎತ್ತಿಟ್ಟುಕೊಂಡು. ಇಡೀ ತಕಮತ್ಸುವಿನಲ್ಲಿ ನಿಮ್ಮ ಮೂವರಿಗೂ ಒಂದೇ ಪಾತ್ರೆಯ ಊಟ ಸಿಗುವ ಜಾಗ ನನಗೆ ತಿಳಿದಂತೆ ಇದೇ ಚೆನ್ನ. ಪಕ್ಕದ ‘ಶಿಕೋಕು ಮುರಾ’ದಲ್ಲಿ ಹಳೆಯ ಮನೆಗಳನ್ನು ತಂದು ನಿಲ್ಲಿಸಿದ್ದಾರೆ, ಊಟದ ಮೇಲೆ ಸುತ್ತಬಹುದು.

ನಾಓಶಿಮಾ ದ್ವೀಪಕ್ಕೆ ಹೋಗುವ ಯೋಚನೆ ಇದ್ದರೆ ದೋಣಿಗೆ ಸುಮಾರು 50 ನಿಮಿಷ ಹಿಡಿಯುತ್ತದೆ. ಅಲ್ಲಿ ಊಟದ ಜಾಗಗಳು ಕಡಿಮೆ, ಮಧ್ಯಾಹ್ನ ನೂಕುನುಗ್ಗಲು, ಸೋಮವಾರ ಬಹಳಷ್ಟು ಮುಚ್ಚಿರುತ್ತವೆ. ಅತ್ತೆಯವರ ಬುತ್ತಿಯನ್ನು ತಕಮತ್ಸುವಿನಲ್ಲಿಯೇ ಕಟ್ಟಿಕೊಳ್ಳಿ: ಉಪ್ಪಿನ ಅನ್ನದುಂಡೆ, ಹಣ್ಣು, ಬ್ರೆಡ್ಡು ರೈಲು ನಿಲ್ದಾಣದ ಬಳಿಯ ಅಂಗಡಿಗಳಲ್ಲಿ ಬೆಳಿಗ್ಗೆಯೇ ಸಿಗುತ್ತವೆ. ಬ್ರೆಡ್ಡಿನ ಪೊಟ್ಟಣದ ಮೇಲೆ ಮೊಟ್ಟೆ ಇದ್ದರೆ ಅಲರ್ಜಿಯ ಪಟ್ಟಿಯಲ್ಲಿ ಕಡ್ಡಾಯವಾಗಿ ಬರೆದಿರುತ್ತಾರೆ. ಕತ್ಸುವೊಬುಶಿ ಆ ಪಟ್ಟಿಯಲ್ಲಿ ಬರುವುದಿಲ್ಲ, ಅದಕ್ಕಾಗಿ ಸಾಮಗ್ರಿಗಳ ಸಾಲನ್ನೇ ಮೊಬೈಲಿನ ಅನುವಾದದಲ್ಲಿ ಓದಿಕೊಳ್ಳಬೇಕು.